ಗಾಡಿ ಮಾರಿದರೂ ಹೊಣೆ ಬಿಡದು!

ಪೇಟೆಯಲ್ಲಿ ಹಳೇ ಸ್ಕೂಟರ್ ವ್ಯಾಪಾರ ಮುಗಿಯೋದು ಹೀಗೆ: ದುಡ್ಡು ಎಣಿಸಿ, ಕೀ ಕೊಟ್ಟು, ಒಂದು ಕಾಗದಕ್ಕೆ ಸಹಿ ಹಾಕಿ, ಟೀ ಕುಡಿದರೆ ಆಯ್ತು. ಆರ್.ಸಿ.ಯಲ್ಲಿ ಮಾತ್ರ ಹೆಸರು ಮಾರಿದವನದೇ!

ಅಲ್ಲೇ ಇದೆ ಅಪಾಯ. 1988ರ ಮೋಟಾರು ವಾಹನ ಕಾಯ್ದೆಯಂತೆ ನೋಂದಣಿ ಯಾರ ಹೆಸರಲ್ಲಿದೆಯೋ ಅವರೇ ಮಾಲೀಕರು. ಕೊಂಡವನು ವಿಮೆ ಕಟ್ಟದೆ ಯಾರಿಗಾದರೂ ಗುದ್ದಿದರೆ, ಪರಿಹಾರದ ನೋಟೀಸು ಬರೋದು ಮಾರಿದವನ ಮನೆಗೆ. ಇಂಥ ಒಂದು ಮೊಕದ್ದಮೆಯಲ್ಲಿ ಗಾಡಿ ಹಲವರ ಕೈ ಬದಲಾಗಿತ್ತು. ಆದರೂ 2018ರಲ್ಲಿ ಸುಪ್ರೀಂ ಕೋರ್ಟು ದಾಖಲೆಯಲ್ಲಿದ್ದವನನ್ನೇ ಹೊಣೆ ಮಾಡಿತು. ನ್ಯಾಯವೇ ಅನ್ನಿ. ಪೆಟ್ಟು ತಿಂದವರು ಗಾಡಿ ಯಾರ್‍ಯಾರ ಕೈ ದಾಟಿತು ಅಂತ ಊರೂರು ಹುಡುಕಿಕೊಂಡು ಹೋಗಬೇಕೆ?

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಅದಕ್ಕೆ 29 ಮತ್ತು 30ನೇ ನಮೂನೆಗಳಿವೆ. ‘ಬ್ರೋಕರು ಮಾಡಿಸ್ತಾನೆ ಬಿಡಿ’ ಅಂತ ಕೂರಬೇಡಿ. ಹೆಸರು ಬದಲಾದ ಆರ್.ಸಿ.ಯ ನಕಲು ಕೇಳಿ ಇಟ್ಟುಕೊಳ್ಳಿ.

ಆರ್.ಟಿ.ಓ.ಗೆ ಹೋದರೆ ಒಂದು ದಿನದ ವ್ಯಾಪಾರ ಹೋದೀತು, ನಿಜ. ಆದರೆ ಕೋರ್ಟಿಗೆ ವರ್ಷಗಟ್ಟಲೆ ಅಂಗಡಿ ಬಾಗಿಲು ಹಾಕಿಕೊಂಡು ಹೋಗಬೇಕಾದೀತು, ಜೋಕೆ!