ಉಳಿದ ಒಂದು ಎಲ್ಲಿ ಹೋಯ್ತು ಮಾರಾಯ್ರೆ?

2019ರ ಮಂಗಳೂರು ಮಹಾನಗರ ಪಾಲಿಕೆ ಚುನಾವಣೆ. ಒಟ್ಟು 60 ವಾರ್ಡು: ಬಿಜೆಪಿ 44, ಕಾಂಗ್ರೆಸ್ 14, ಎಸ್‌ಡಿಪಿಐ 2. ಗೆದ್ದವರ ಪಟ್ಟಿಯನ್ನು ಜಾವಾ ಸ್ಟ್ರೀಮಿಗೆ ಕೊಟ್ಟು ಗ್ರೂಪಿಂಗ್‌ಬೈ, ಕೌಂಟಿಂಗ್ ಹಾಕಿದ್ರೆ ಈ ಲೆಕ್ಕ ಸಲೀಸಾಗಿ ಬರ್ತದೆ. ನಾವು ಎಡವೋದು ಶೇಕಡಾ ತೆಗೆಯುವಾಗ. 60ರಿಂದ ಭಾಗಿಸಿ ಆಮೇಲೆ 100ರಿಂದ ಗುಣಿಸಿದ್ರೆ ಮೂರೂ ಪಕ್ಷಕ್ಕೆ ಸೊನ್ನೆ! ಕೌಂಟಿಂಗ್ ಕೊಡುವುದು ಪೂರ್ಣಾಂಕ. ಭಾಗಿಸಿದಾಗ ದಶಾಂಶ ಉದುರಿಹೋಗ್ತದೆ. ಸೊನ್ನೆಯಾದರೆ ಕಣ್ಣಿಗೆ ಬೀಳ್ತದೆ, ಪುಣ್ಯ. ಮೊದಲೇ ಗುಣಿಸಿದ್ರೆ 73, 23, 3. ಕೂಡಿದ್ರೆ 99. ಇದನ್ನು ಯಾರು ಕೂಡಿ ನೋಡ್ತಾರೆ? ಔಟ್‌ಪುಟ್ ಬಂತಲ್ಲ, ಸಾಕು ಅಂತ ರೆಕಾರ್ಡಿಗೆ ಸಹಿ ಹಾಕಿಸಿಕೊಳ್ತೇವೆ. ಗುಣಿಸುವಾಗ 100ರ ಬದಲು 100.0 ಬರೆದರೆ ದಶಾಂಶ ಉಳೀತದೆ. ಆದರೂ ಪಕ್ಕದಲ್ಲಿ ‘60ರಲ್ಲಿ 2 ಸೀಟು’ ಅಂತ ಎಣಿಕೆಯನ್ನೂ ಪ್ರಿಂಟ್ ಮಾಡಲೇಬೇಕು ಅನ್ನುವುದು ನಮ್ಮ ವಾದ. ಬರೀ 3.33 ನೋಡಿದವರು ಅದು ಮತಗಳ ಪಾಲು ಅಂದುಕೊಂಡರೆ?