ಮಾಸುತ್ತಿರುವ ಸುರುಳಿಗಳು

ತಾನು ಕಂಡುದನ್ನೂ ಕೇಳಿದುದನ್ನೂ ಮುಂದಿನವರಿಗಾಗಿ ಕಾದಿರಿಸಬೇಕೆಂಬ ಹಂಬಲ ಮನುಷ್ಯನಿಗೆ ಸಹಜವಾದುದು. ನಮ್ಮ ಪೂರ್ವಿಕರು ಕಲ್ಲಿನಲ್ಲಿ ಕೆತ್ತಿದರು, ತಾಮ್ರದ ತಗಡಿನಲ್ಲಿ ಕೊರೆದರು, ಓಲೆಗರಿಯಲ್ಲಿ ಬರೆದರು. ಇವುಗಳಲ್ಲಿ ಓಲೆಗರಿಯು ಹುಳುವಿಗೂ ತೇವಕ್ಕೂ ಬೇಗನೆ ಬಲಿಯಾಗುವ ವಸ್ತು. ಆದರೂ ಪಂಪ, ರನ್ನರ ಕಾವ್ಯಗಳು ಸಾವಿರ ವರ್ಷಗಳನ್ನು ದಾಟಿ ನಮ್ಮ ಕೈಸೇರಿವೆ. ಒಂದು ಗರಿ ಶಿಥಿಲವಾಗುವ ಮೊದಲೇ ಮತ್ತೊಂದು ಗರಿಗೆ ಪ್ರತಿಮಾಡುವವರು ತಲೆಮಾರು ತಲೆಮಾರಿಗೂ ಇದ್ದುದೇ ಇದಕ್ಕೆ ಕಾರಣ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ.

ಇಂದು ನಮ್ಮ ಮನೆಗಳ ಅಟ್ಟದ ಮೇಲೆ, ಬೀರುವಿನ ಮೂಲೆಯಲ್ಲಿ ಮತ್ತೊಂದು ಬಗೆಯ ಓಲೆಗರಿ ಹಾಳಾಗುತ್ತಿದೆ. ಅದೇ ವಿಡಿಯೋ ಕ್ಯಾಸೆಟ್ಟು. 1976ರಲ್ಲಿ ಜಪಾನಿನ ಜೆ.ವಿ.ಸಿ. ಸಂಸ್ಥೆಯು ವಿ.ಎಚ್.ಎಸ್. ಎಂಬ ಮಾದರಿಯ ಕ್ಯಾಸೆಟ್ಟನ್ನು ಬಳಕೆಗೆ ತಂದಿತು. ನಮ್ಮ ದೇಶದಲ್ಲಿ 1982ರ ದೆಹಲಿಯ ಏಷ್ಯನ್ ಕ್ರೀಡಾಕೂಟದ ವೇಳೆಗೆ ವರ್ಣ ದೂರದರ್ಶನ ಬಂದಿತು. ಅನಂತರದ ವರ್ಷಗಳಲ್ಲಿ ಮದುವೆ, ಗೃಹಪ್ರವೇಶ, ನಾಮಕರಣಗಳನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಡುವ ರೂಢಿ ಪಟ್ಟಣಗಳಿಂದ ಹಳ್ಳಿಗಳವರೆಗೂ ಹರಡಿತು. ಛಾಯಾಚಿತ್ರದಲ್ಲಿ ಅಜ್ಜನ ಮುಖವನ್ನಷ್ಟೇ ಕಾಣಬಹುದು. ಈ ಸುರುಳಿಯಲ್ಲಾದರೋ ಅವನ ನಡಿಗೆ, ನಗು, ಮಾತಿನ ಧಾಟಿ ಎಲ್ಲವೂ ಅಡಗಿವೆ.

ಆದರೆ ಈ ಸುರುಳಿ ಚಿರಾಯುವಲ್ಲ. ಅರ್ಧ ಅಂಗುಲ ಅಗಲದ ತೆಳುವಾದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಯಸ್ಕಾಂತಗುಣವುಳ್ಳ ಸೂಕ್ಷ್ಮ ಕಣಗಳನ್ನು ಒಂದು ಬಗೆಯ ಅಂಟಿನೊಡನೆ ಬೆರೆಸಿ ಲೇಪಿಸಿರುತ್ತಾರೆ. ಚಿತ್ರವೂ ಧ್ವನಿಯೂ ನೆಲೆಸಿರುವುದು ಆ ಲೇಪದಲ್ಲಿಯೇ. ಗಾಳಿಯ ತೇವವನ್ನು ಹೀರಿ ಅಂಟು ಸಡಿಲವಾಗುತ್ತದೆ. ಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ನಮ್ಮ ಕರಾವಳಿ ಮಲೆನಾಡುಗಳ ಮಳೆಗಾಲ ಇದಕ್ಕೆ ಶತ್ರು. ಸುರುಳಿ ಕೆಡದೆ ಉಳಿದರೂ ಅದನ್ನು ಓಡಿಸುವ ಯಂತ್ರ ಬೇಕಷ್ಟೆ? ವಿ.ಸಿ.ಆರ್. ಯಂತ್ರಗಳನ್ನು ತಯಾರಿಸುತ್ತಿದ್ದ ಕೊನೆಯ ಪ್ರಮುಖ ಸಂಸ್ಥೆಯಾದ ಜಪಾನಿನ ಫುನಾಯ್ 2016ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಹಳೆಯ ಯಂತ್ರಗಳು ಸವೆಯುತ್ತಿವೆ. ಅವುಗಳ ಬಿಡಿಭಾಗಗಳೂ ಅವನ್ನು ರಿಪೇರಿ ಮಾಡಬಲ್ಲವರೂ ವಿರಳವಾಗುತ್ತಿದ್ದಾರೆ. ಓದುಗನಿಲ್ಲದ ಲಿಪಿಯಂತೆ ಯಂತ್ರವಿಲ್ಲದ ಸುರುಳಿಯೂ ಮೂಕವೇ ಸರಿ. ಆದುದರಿಂದ ಪ್ರತಿಮಾಡುವ ಕೆಲಸವನ್ನು ಮುಂದೂಡುವಂತಿಲ್ಲ.

ಈ ಕೆಲಸದ ರೀತಿ ಕಠಿಣವಾದುದಲ್ಲ. ವಿ.ಸಿ.ಆರ್. ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಒಂದು ಚಿಕ್ಕ ಉಪಕರಣವನ್ನು ಜೋಡಿಸಬೇಕು. ಸುರುಳಿಯಿಂದ ಹೊರಡುವ ವಿದ್ಯುತ್ ಸಂಕೇತ ಅಲೆಯಂತೆ ಏರಿಳಿಯುವಂಥದು. ಈ ಉಪಕರಣವು ಆ ಏರಿಳಿತವನ್ನು ಕ್ಷಣಕ್ಷಣಕ್ಕೂ ಅಳೆದು ಅಂಕಿಗಳನ್ನಾಗಿ ಮಾರ್ಪಡಿಸುತ್ತದೆ. ಆ ಅಂಕಿಗಳನ್ನು ಕಂಪ್ಯೂಟರು ಸಂಗ್ರಹಿಸಿ ಡಿ.ವಿ.ಡಿ. ಎಂಬ ಬಿಲ್ಲೆಗೆ ಬರೆಯುತ್ತದೆ. 12 ಸೆಂಟಿಮೀಟರ್ ವ್ಯಾಸದ ಅಂಥ ಒಂದು ಬಿಲ್ಲೆಯಲ್ಲಿ ಸಾಮಾನ್ಯವಾಗಿ ಎರಡು ಗಂಟೆಗಳ ದೃಶ್ಯ ಹಿಡಿಯುತ್ತದೆ. ಸುರುಳಿಯಿಂದ ಸುರುಳಿಗೆ ಪ್ರತಿಮಾಡಿದಾಗಲೆಲ್ಲ ಚಿತ್ರ ಮಂಕಾಗುತ್ತಿತ್ತು. ಅಂಕಿಗಳಿಗೆ ಆ ದೋಷವಿಲ್ಲ. ನೂರನೆಯ ಪ್ರತಿಯೂ ಮೊದಲನೆಯದಕ್ಕೆ ಸಮನಾಗಿರಬಲ್ಲುದು. ಕೆಲಸಕ್ಕೆ ತೊಡಗುವ ಮುನ್ನ ಎರಡು ಎಚ್ಚರಿಕೆಗಳು ಅವಶ್ಯ. ಹೊಸದೇನೂ ಹಳೆಯದರ ಮೇಲೆ ಮುದ್ರಣವಾಗದಂತೆ ಕ್ಯಾಸೆಟ್ಟಿನ ಅಂಚಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದು ತೆಗೆಯಬೇಕು. ಬೂಷ್ಟು ಹಿಡಿದ ಸುರುಳಿಯನ್ನು ಯಂತ್ರಕ್ಕೆ ಹಾಕದೆ ಬಲ್ಲವರ ಕೈಗೆ ಒಪ್ಪಿಸಬೇಕು.

ಇದರಲ್ಲಿ ಒಂದು ತೊಡಕುಂಟೆಂದು ಹಲವರು ಹೇಳುವರು. ಮೂರು ಗಂಟೆಯ ಸುರುಳಿಯನ್ನು ಪ್ರತಿಮಾಡಲು ಮೂರು ಗಂಟೆಯೇ ಬೇಕು, ಅವಸರಪಡಿಸುವಂತಿಲ್ಲ. ಆದರೆ ಈ ನಿಧಾನವು ತೊಡಕಲ್ಲ, ಒಂದು ಸದವಕಾಶವೆಂದೇ ನಾನು ಭಾವಿಸುತ್ತೇನೆ. ಯಂತ್ರವನ್ನು ಓಡಬಿಟ್ಟು ಎದ್ದುಹೋಗುವ ಬದಲು ಮನೆಯ ಹಿರಿಯರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ನೋಡಿರಿ. ಪೇಟ ಸುತ್ತಿ ಚಪ್ಪರದಡಿ ಕುಳಿತಿರುವ ಆ ಮುದುಕರು ಯಾರು? ಸೋಬಾನೆ ಹಾಡುತ್ತಿರುವ ಆ ಹೆಂಗಸಿನ ಹೆಸರೇನು? ಆ ಹಾಡನ್ನು ಆಕೆ ಯಾರಿಂದ ಕಲಿತಳು? ಕಂಪ್ಯೂಟರು ಚಿತ್ರವನ್ನು ಉಳಿಸೀತು. ಈ ಪ್ರಶ್ನೆಗಳಿಗೆ ಉತ್ತರ ಕೊಡಲಾರದು. ಉತ್ತರ ಬಲ್ಲವರು ನಿಮ್ಮ ಅಜ್ಜಿಯೋ ದೊಡ್ಡಮ್ಮನೋ ಆಗಿದ್ದಾರೆ. ಅವರು ಹೇಳುವ ಹೆಸರು, ಊರು, ಇಸವಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಹೆಸರು ತಿಳಿಯದ ಮುಖಗಳು ಮುಂದಿನವರಿಗೆ ಅಪರಿಚಿತರ ಮುಖಗಳಾಗಿಯೇ ಉಳಿಯುತ್ತವೆ.

ಸಾಮಾನ್ಯರ ಮದುವೆ ಮುಂಜಿಗಳ ದೃಶ್ಯಗಳಿಗಾಗಿ ಇಷ್ಟೊಂದು ಶ್ರಮವೇಕೆಂದು ಕೆಲವರು ಕೇಳಬಹುದು. ರಾಜರ ದಿಗ್ವಿಜಯಗಳನ್ನು ಶಾಸನಗಳು ಸಾರುತ್ತವೆ. ಆದರೆ ಅಂದಿನ ರೈತನ ಮನೆಯಲ್ಲಿ ಬೀಗರನ್ನು ಹೇಗೆ ಎದುರುಗೊಳ್ಳುತ್ತಿದ್ದರು, ಮಕ್ಕಳು ಯಾವ ಆಟ ಆಡುತ್ತಿದ್ದರು ಎಂಬುದನ್ನು ಅವು ಹೇಳುವುದು ಅಪರೂಪ. ಸಾಮಾನ್ಯರ ಬದುಕು ದಾಖಲೆಯಿಲ್ಲದೆ ಅಳಿಯುತ್ತ ಬಂದಿದೆ. ಈ ಸುರುಳಿಗಳಲ್ಲಿ ಒಂದು ಕಾಲದ ಉಡುಗೆ ತೊಡುಗೆ, ಊಟದ ಪಂಕ್ತಿ, ಊರೂರಿನ ನುಡಿಯ ಸೊಗಡು ಅಯತ್ನವಾಗಿ ಸೆರೆಯಾಗಿವೆ. ಮೂಲಧ್ವನಿಯನ್ನು ಅಳಿಸಿ ಚಲನಚಿತ್ರಗೀತೆಗಳನ್ನು ಸೇರಿಸಿದ ಸುರುಳಿಗಳೂ ಉಂಟು. ಹಾಗಾಗದೆ ಉಳಿದಿರುವ ಒಂದೊಂದು ಸೋಬಾನೆಯೂ ನಾಡಿನ ಸಂಪತ್ತು.

ಇಷ್ಟು ಮಾಡಿದೊಡನೆ ನಮ್ಮ ಹೊಣೆ ತೀರಿತೆಂದು ತಿಳಿಯಬಾರದು. ಬಿಲ್ಲೆಯೂ ಶಾಶ್ವತವಲ್ಲ. ಮನೆಯಲ್ಲಿ ಬರೆದುಕೊಳ್ಳುವ ಡಿ.ವಿ.ಡಿ.ಯೊಳಗಿನ ಬಣ್ಣದ ಪದರ ಬಿಸಿಲಿಗೂ ಶಾಖಕ್ಕೂ ಕೆಡುತ್ತದೆ. ಹೊಸ ಕಂಪ್ಯೂಟರುಗಳಲ್ಲಿ ಬಿಲ್ಲೆಯನ್ನು ಓದುವ ಸೌಲಭ್ಯವೇ ಅಪರೂಪವಾಗುತ್ತಿದೆ. ಆದುದರಿಂದ ಒಂದೇ ಪ್ರತಿಯನ್ನು ನಂಬಿ ಕೂರದೆ, ಹಾರ್ಡ್ ಡಿಸ್ಕಿನಲ್ಲಿ ಒಂದನ್ನೂ ಬೇರೆ ಊರಿನ ಬಂಧುಗಳ ಮನೆಯಲ್ಲಿ ಇನ್ನೊಂದನ್ನೂ ಇಡುವುದು ಲೇಸು. ಕೆಲವು ವರ್ಷಗಳಿಗೊಮ್ಮೆ ಅವನ್ನು ತೆರೆದು ನೋಡಿ, ಹೊಸ ಸಾಧನಕ್ಕೆ ಮತ್ತೆ ಪ್ರತಿಮಾಡಬೇಕು. ಮೂಲ ಸುರುಳಿಯನ್ನಂತೂ ಎಸೆಯಲಾಗದು.

ಪ್ರತಿಮಾಡುವುದೆಂದರೆ ಒಮ್ಮೆಗೆ ಮುಗಿಯುವ ಕೆಲಸವಲ್ಲ. ಒಂದು ತಲೆಮಾರು ಇನ್ನೊಂದಕ್ಕೆ ಒಪ್ಪಿಸುವ ಹೊಣೆ. ಓಲೆಗರಿಯ ಲಿಪಿಕಾರರು ತಮ್ಮ ಪಾಲಿನ ಹೊಣೆಯನ್ನು ನಿರ್ವಹಿಸಿ ಹೋದರು. ಯಂತ್ರವನ್ನು ನಡೆಸುವ ಜಾಣ್ಮೆ ಇಂದು ಕಿರಿಯರಲ್ಲಿದೆ. ಚಿತ್ರದಲ್ಲಿರುವವರನ್ನು ಗುರುತಿಸುವ ನೆನಪು ಹಿರಿಯರಲ್ಲಿದೆ. ಇವೆರಡೂ ಒಂದೇ ಮನೆಯಲ್ಲಿ ಜೊತೆಗಿರುವ ಕಾಲ ಬಹಳ ದೀರ್ಘವಾದುದಲ್ಲ. ಅದು ಕಳೆದುಹೋಗುವ ಮುನ್ನ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಕೆಳಗಿಳಿಸುವುದು ಎಲ್ಲರಿಗೂ ಉಚಿತವಾದುದು.