ಸೆರೆಮನೆ ಒಡೆದರೆ ಕಳಂಕ ಹೋಗುತ್ತದೆಯೇ?

ಕಳೆದ ರಜೆಯಲ್ಲಿ ನಾವು ಐದು ಮಂದಿ ಗೆಳೆಯರು ರೋಲ್ ಪ್ಲೇಯಿಂಗ್ ಆಟ ಶುರು ಮಾಡಿದೆವು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆ ಮೂಲ. ಒಬ್ಬ ಕತೆ ನಡೆಸುತ್ತಾನೆ. ಉಳಿದವರು ಯೋಧ, ಮಾಂತ್ರಿಕ, ಬೇಹುಗಾರ ಹೀಗೆ ಒಂದೊಂದು ಪಾತ್ರವಾಗಿ ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ.

ಕತೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಊರಿನ ಕಣಜಕ್ಕೆ ಬೆಂಕಿ ಬೀಳುತ್ತದೆ. ಹೊರಗಿನಿಂದ ಬಂದ ನಾಲ್ವರು ವೀರರ ಮೇಲೆ ಸುಳ್ಳು ಆರೋಪ. ಕತೆ ಚೆನ್ನಾಗಿದೆ ಎಂದುಕೊಂಡೆ. ಆದರೆ ಅರ್ಧ ಗಂಟೆಯೊಳಗೆ ಗೆಳೆಯರು ಸೆರೆಮನೆ ಒಡೆದು, ಇಬ್ಬರು ಕಾವಲುಗಾರರನ್ನು ಕೊಂದು ಓಡಿಹೋದರು. “ಬೆಂಕಿ ಹಚ್ಚಿದ್ದು ನೀವಲ್ಲ, ಸರಿ. ಕಾವಲುಗಾರರನ್ನು ಕೊಂದವರು ಯಾರು?” ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ.

ತಪ್ಪು ಅವರದಲ್ಲ, ನನ್ನದು. ನಾನು ಅವರಿಗೆ ಕೊಟ್ಟದ್ದು ಒಂದು ಬೀಗ, ನಾಲ್ಕು ಕತ್ತಿ. ಕೆಟ್ಟ ಹೆಸರು ತೊಳೆದುಕೊಳ್ಳುವ ದಾರಿಯನ್ನೇ ಇಟ್ಟಿರಲಿಲ್ಲ. ಸುಳ್ಳು ಆರೋಪದ ಕತೆಯಲ್ಲಿ ಗೆಲ್ಲಬೇಕಾದದ್ದು ಊರಿನವರ ನಂಬಿಕೆಯನ್ನು ಎಂಬುದೇ ನನ್ನ ಅಭಿಪ್ರಾಯ.

ಆಗ ಪ್ರವಾದಿ ಯೂಸುಫ್ (ಅ)ರ ವೃತ್ತಾಂತ ನೆನಪಾಯಿತು. ಅವರು ನಿರಪರಾಧಿ ಎಂದು ಹೇಳಿದ್ದು ಹಿಂದಿನಿಂದ ಹರಿದ ಅಂಗಿ. ಆದರೂ ಸೆರೆಮನೆ ತಪ್ಪಲಿಲ್ಲ. ಮುಂದೆ ರಾಜನೇ ಕರೆ ಕಳುಹಿಸಿದಾಗಲೂ, ಮೊದಲು ಆ ಪ್ರಕರಣದ ವಿಚಾರಣೆಯಾಗಲಿ ಎಂದರು. ಬಿಡುಗಡೆಗಿಂತ ಮೊದಲು ಅವರಿಗೆ ಸತ್ಯ ಹೊರಬರಬೇಕಿತ್ತು.

ಹಾಗಾಗಿ ಕತೆ ತಿದ್ದಿದೆ. ದಾಳ ಒಮ್ಮೆ ಕೈಕೊಟ್ಟರೂ ಸತ್ಯ ಮುಚ್ಚಿಹೋಗದಂತೆ ಸಾಕ್ಷ್ಯವನ್ನು ಮೂರು ಕಡೆ ಇಟ್ಟೆ. ಸುಳ್ಳು ಹೇಳಿದವನನ್ನು ರಾಕ್ಷಸನನ್ನಾಗಿ ಮಾಡಲಿಲ್ಲ. ಅವನು ದೀಪ ಆರಿಸದೆ ನಿದ್ದೆಹೋದ ಕಣಜದ ಕಾವಲುಗಾರ. ಕೆಲಸ ಹೋಗುವ ಭಯಕ್ಕೆ ಪರಊರಿನವರತ್ತ ಬೆರಳು ತೋರಿಸಿದವನು. ಕೊನೆಯ ದೃಶ್ಯದಲ್ಲಿ ಕಾಳಗವಿಲ್ಲ. ಊರಿನವರು ಕಟ್ಟೆಯ ಬಳಿ ಸೇರಿ ಎಲ್ಲರೆದುರು ಆ ನಾಲ್ವರ ಕ್ಷಮೆ ಕೇಳುತ್ತಾರೆ.

“ಕತ್ತಿಯಿಲ್ಲದ ಆಟ ಸಪ್ಪೆ” ಎಂದ ಒಬ್ಬ. ಆದರೆ ಕಾವಲುಗಾರ ಬಾಯಿ ಬಿಡುತ್ತಾನೋ ಇಲ್ಲವೋ ಎಂದು ದಾಳ ಉರುಳಿದಾಗ ಉಸಿರು ಬಿಗಿಹಿಡಿದು ಕೂತವನೂ ಅವನೇ.

ಈ ಆಟವೂ ಒಮ್ಮೆ ಸುಳ್ಳು ಆರೋಪ ಹೊತ್ತಿತ್ತು. 1979ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವಿದ್ಯಾರ್ಥಿಯೊಬ್ಬ ಕಾಣೆಯಾದಾಗ ಪತ್ರಿಕೆಗಳು ಈ ಆಟದತ್ತ ಬೊಟ್ಟು ಮಾಡಿದವು. ಕೆಲವು ವಾರಗಳ ನಂತರ ಅವನು ಸಿಕ್ಕ. ಕಾರಣ ಬೇರೆಯೇ ಇತ್ತು. ಆದರೆ ಆಟಕ್ಕೆ ಅಂಟಿದ ಕೆಟ್ಟ ಹೆಸರು ವರ್ಷಗಟ್ಟಲೆ ಹೋಗಲಿಲ್ಲ.

ಕ್ಷಮೆಯ ದೃಶ್ಯಕ್ಕೆ ನನ್ನದೇ ಒಂದು ಕಾರಣವಿದೆ. ಹೈಸ್ಕೂಲಿನಲ್ಲಿ ಪ್ರವಾಸದ ಹಣ ಕಾಣೆಯಾದಾಗ ನಾವೆಲ್ಲ ಹೊಸದಾಗಿ ಸೇರಿದ ಹುಡುಗನನ್ನು ಅನುಮಾನಿಸಿದೆವು. ಎರಡು ದಿನದ ಬಳಿಕ ಹಣ ಹಾಜರಿ ಪುಸ್ತಕದ ರಟ್ಟಿನೊಳಗೆ ಸಿಕ್ಕಿತು. ಎಲ್ಲರೂ ನಕ್ಕು ಸುಮ್ಮನಾದೆವು. “ತಪ್ಪಾಯಿತು” ಎಂದು ಅವನ ಬಳಿ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆ ವರ್ಷ ಅವನು ಪ್ರವಾಸಕ್ಕೆ ಬರಲಿಲ್ಲ.

ಗೆಳೆಯರೇ, ಇಂಥ ಆಟ ನೀವೂ ಕಟ್ಟಿ. ಆದರೆ ಆ ಕೊನೆಯ ದೃಶ್ಯವನ್ನು ಮಾತ್ರ ಬಿಡಬೇಡಿ.